ಮಾತೃಭಾಷೆಯ ಕಾಲಂನಲ್ಲಿ ಬೇಂದ್ರೆ ಏನೆಂದು ಬರೆಸಬೇಕಿತ್ತು?

ಜನಗಣತಿಯ ವರದಿಗಳನ್ನು ಸಾಹಿತ್ಯದ ವಿದ್ಯಾರ್ಥಿಗಳು ಸಾಮಾನ್ಯವಾಗಿ ಓದುವುದಿಲ್ಲ. ಅದು ಅರ್ಥಶಾಸ್ತ್ರದವರ ಕೆಲಸ ಎಂದು ಬಿಟ್ಟಿರುತ್ತೇವೆ. ನನ್ನ ಸಂಶೋಧನೆಯ ನೆಪದಲ್ಲಿ 2011ರ ಭಾಷಾ ಕೋಷ್ಟಕವನ್ನು ನೋಡತೊಡಗಿದಾಗ, ಅದನ್ನೂ ಒಂದು ಪಠ್ಯದಂತೆ ಓದಬೇಕು ಅನ್ನಿಸಿತು. ಅದಕ್ಕೂ ಒಬ್ಬ ಸಂಪಾದಕನಿದ್ದಾನೆ. ಏನನ್ನು ಉಳಿಸಬೇಕು, ಏನನ್ನು ಯಾವುದರೊಳಗೆ ಸೇರಿಸಬೇಕು ಎಂದು ಅವನು ನಿರ್ಧರಿಸುತ್ತಾನೆ.

ಆ ಸಲ ದೇಶದ ಜನ ತಮ್ಮ ಮಾತೃಭಾಷೆ ಎಂದು ಬರೆಸಿದ ಹೆಸರುಗಳು 19,569. ಕಾಗುಣಿತದ ವ್ಯತ್ಯಾಸ, ಊರಿನ ಹೆಸರು, ಜಾತಿಯ ಹೆಸರುಗಳನ್ನೆಲ್ಲ ಸೋಸಿದ ಮೇಲೆ ಉಳಿದವು 1,369. ಅವನ್ನು ಗುಂಪು ಮಾಡಿ, ಹತ್ತು ಸಾವಿರಕ್ಕಿಂತ ಹೆಚ್ಚು ಮಾತುಗಾರರಿರುವವನ್ನು ಎಣಿಸಿದಾಗ ಸಿಕ್ಕಿದ್ದು 121 ಭಾಷೆಗಳು. ಹೀಗೆ ಗುಂಪು ಮಾಡುವಾಗ ನೀಲಗಿರಿಯ ಬಡಗ ಕನ್ನಡದೊಳಗೆ ಬಂತು. ಐದು ಕೋಟಿ ಜನರ ಭೋಜಪುರಿ ಹಿಂದಿಯೊಳಗೆ ಹೋಯಿತು. ನಮ್ಮ ವಿಜಯಪುರ, ಕಲಬುರಗಿಯ ತಾಂಡಾಗಳಲ್ಲಿ ಆಡುವ ಲಂಬಾಣಿಯೂ ಹಿಂದಿಯ ಕೆಳಗೇ ಇದೆ. ದೇಶದಾದ್ಯಂತ ಲಮಾಣಿ ಅಥವಾ ಲಂಬಾಡಿ ಎಂದು ಬರೆಸಿದ 32 ಲಕ್ಷಕ್ಕೂ ಹೆಚ್ಚು ಮಂದಿ ಒಟ್ಟು ಲೆಕ್ಕದಲ್ಲಿ ಹಿಂದಿ ಭಾಷಿಕರು. ಕರ್ನಾಟಕದಲ್ಲಿ ಹಿಂದಿಯವರು ಎಷ್ಟಾದರು ಎಂದು ಅಂಕಿ ಹಿಡಿದು ವಾದಿಸುವವರು, ಆ ಅಂಕಿಯೊಳಗೆ ಎಂದೂ ಹಿಂದಿ ಆಡದ ತಾಂಡಾದ ಅಜ್ಜಿಯೂ ಕೂತಿದ್ದಾಳೆ ಎಂಬುದನ್ನು ನೆನಪಿಡಬೇಕು.

ಒಂದು ದೇಶದ ಜನಸಂಖ್ಯೆ ಬದಲಾಗುವುದಕ್ಕೆ ಮೂರೇ ದಾರಿ: ಹುಟ್ಟು, ಸಾವು, ವಲಸೆ. 1951ರಲ್ಲಿ 36 ಕೋಟಿಯಷ್ಟಿದ್ದ ಭಾರತ 2011ಕ್ಕೆ 121 ಕೋಟಿಯಾದದ್ದರಲ್ಲಿ ಸಾವು ಕಡಿಮೆಯಾದದ್ದರ ಪಾಲು ದೊಡ್ಡದು. ಈಗ ಹುಟ್ಟೂ ಇಳಿದಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಒಬ್ಬ ಹೆಣ್ಣುಮಗಳಿಗೆ ಸರಾಸರಿ ಮಕ್ಕಳ ಸಂಖ್ಯೆ ಬಿಹಾರದಲ್ಲಿ 3, ಕರ್ನಾಟಕದಲ್ಲಿ 1.7. ಎಂದರೆ ಇನ್ನು ಮುಂದೆ ನಮ್ಮ ಊರುಗಳ ಚಹರೆಯನ್ನು ಬದಲಿಸುವುದರಲ್ಲಿ ತೊಟ್ಟಿಲಿಗಿಂತ ರೈಲಿನ ಪಾಲು ಹೆಚ್ಚು. ಆದ್ದರಿಂದ ವಲಸೆಯನ್ನು ನಮ್ಮ ಸಾಹಿತ್ಯ ಹೇಗೆ ಕಂಡಿದೆ, ನಮ್ಮ ವಿಮರ್ಶೆ ಹೇಗೆ ಓದಿದೆ ಎಂಬ ಪ್ರಶ್ನೆ ಈಗ ಬರೀ ಪಠ್ಯಕ್ರಮದ ಪ್ರಶ್ನೆಯಾಗಿ ಉಳಿದಿಲ್ಲ.

ವಲಸೆ ಎಂದೊಡನೆ ಕನ್ನಡ ವಿಮರ್ಶೆಗೆ ನೆನಪಾಗುವುದು ಮುಂಬಯಿ. ಯಶವಂತ ಚಿತ್ತಾಲರ 'ಶಿಕಾರಿ'ಯ ನಾಗಪ್ಪ, ಜಯಂತ ಕಾಯ್ಕಿಣಿಯವರ ಚಾಳುಗಳು. ಕಾಯ್ಕಿಣಿಯವರ 'ನೋ ಪ್ರೆಸೆಂಟ್ಸ್ ಪ್ಲೀಸ್' ಕತೆಯಲ್ಲಿ ಮದುವೆಯಾಗಲಿರುವ ಅನಾಥ ಜೋಡಿಯೊಂದು ತಮ್ಮ ಲಗ್ನಪತ್ರಿಕೆ ಬರೆಯಲು ಕೂರುತ್ತದೆ. ಹೆಸರು, ಅಡ್ಡಹೆಸರು ಎಂಬಲ್ಲಿಗೆ ಬಂದಾಗ ತೊಡಕು ಶುರು. ಆಮಂತ್ರಣ ಪತ್ರಿಕೆಯೂ ಒಂದು ಅರ್ಜಿ ನಮೂನೆಯೇ, ಅದರಲ್ಲಿ ಕುಲ, ಊರು, ಹಿರಿಯರು ಇಲ್ಲದವರಿಗೆ ಜಾಗ ಕಡಿಮೆ ಎಂಬುದನ್ನು ಈ ಕತೆ ನಗುನಗುತ್ತಲೇ ಕಾಣಿಸುತ್ತದೆ. ಕೋಷ್ಟಕಕ್ಕೆ ಸಿಗದ ಮನುಷ್ಯರನ್ನು ಕತೆ ಹೀಗೆ ಹಿಡಿಯುತ್ತದೆ.

ಆದರೆ ಜನಗಣತಿ ನಮ್ಮ ವಿಮರ್ಶೆಯ ಒಂದು ಕುರುಡನ್ನೂ ತೋರಿಸುತ್ತದೆ. 2011ರಲ್ಲಿ ವಲಸಿಗರೆಂದು ಲೆಕ್ಕಕ್ಕೆ ಬಂದವರು ಸುಮಾರು 45 ಕೋಟಿ. ಅವರಲ್ಲಿ ಹೆಚ್ಚಿನವರು ಹೆಂಗಸರು, ಅವರು ಊರು ಬಿಟ್ಟದ್ದಕ್ಕೆ ಕೊಟ್ಟ ಮುಖ್ಯ ಕಾರಣ ಮದುವೆ. ಈ ದೇಶದ ದೊಡ್ಡ ವಲಸಿಗಳು ಮದುಮಗಳು. ಹಾಗಾದರೆ ಬೀಸುವ ಕಲ್ಲಿನ ಮುಂದೆ ಹುಟ್ಟಿದ ತವರಿನ ಹಾಡುಗಳೆಲ್ಲ ವಲಸೆಯ ಸಾಹಿತ್ಯವೇ ಅಲ್ಲವೆ? ಹೊಸ ಊರಿನ ನೀರು, ಹೊಸ ಮನೆಯ ಮಾತು, ವರ್ಷಕ್ಕೊಮ್ಮೆ ಕರೆಯಲು ಬರುವ ಅಣ್ಣನ ದಾರಿ ಕಾಯುವುದು ಎಲ್ಲವೂ ಅಲ್ಲಿವೆ. ನಾವು ಅವನ್ನು 'ಕೌಟುಂಬಿಕ', 'ಜಾನಪದ' ಎಂಬ ಕಪಾಟಿನಲ್ಲಿಟ್ಟೆವು. ಗಂಡಸು ಮುಂಬಯಿಗೆ ಹೋದರೆ ಅದು ಆಧುನಿಕತೆಯ ಬಿಕ್ಕಟ್ಟು, ಹೆಂಗಸು ಗಂಡನ ಮನೆಗೆ ಹೋದರೆ ಅದು ತವರಿನ ಹಂಬಲ. ಜನಗಣತಿಯ ಸಂಪಾದಕನನ್ನು ದೂರುವ ನಾವೂ ಅದೇ ಬಗೆಯ ಕಾಲಂಗಳನ್ನು ಎಳೆದಿದ್ದೇವೆ.

ಭಾಷೆಯ ವಿಷಯದಲ್ಲೂ ಹಾಗೆಯೇ. ಜನಗಣತಿಯ ಪ್ರಕಾರ ಮಾತೃಭಾಷೆ ಎಂದರೆ ಬಾಲ್ಯದಲ್ಲಿ ತಾಯಿ ನಮ್ಮೊಡನೆ ಆಡಿದ ಭಾಷೆ. ಈ ಲೆಕ್ಕ ಹಿಡಿದರೆ ಬೇಂದ್ರೆ ಮರಾಠಿಯ ಕಾಲಂಗೆ, ಮಾಸ್ತಿ ತಮಿಳಿಗೆ, ಗಿರೀಶ ಕಾರ್ನಾಡರು ಕೊಂಕಣಿಗೆ ಹೋಗುತ್ತಾರೆ. ಕನ್ನಡಕ್ಕೆ ಜ್ಞಾನಪೀಠ ತಂದ ಎಂಟು ಮಂದಿಯಲ್ಲಿ ಕಡಿಮೆಯೆಂದರೂ ಮೂವರು ಕನ್ನಡದ ಲೆಕ್ಕದಿಂದ ಹೊರಗುಳಿಯುತ್ತಾರೆ. 2025ರಲ್ಲಿ ಕನ್ನಡಕ್ಕೆ ಮೊದಲ ಅಂತರರಾಷ್ಟ್ರೀಯ ಬೂಕರ್ ತಂದ ಬಾನು ಮುಷ್ತಾಕ್ ಅವರ ಮನೆಮಾತು ಉರ್ದು. ಕರ್ನಾಟಕದಲ್ಲಿ ಕನ್ನಡವನ್ನು ಮಾತೃಭಾಷೆ ಎಂದವರು 2011ರಲ್ಲಿ ಸುಮಾರು ಮೂರನೇ ಎರಡು ಪಾಲು. ಈ ಅಂಕಿ ನೋಡಿ ಕೆಲವರು ಗಾಬರಿಯಾಗುತ್ತಾರೆ. ನನಗೆ ಉಳಿದ ಒಂದು ಪಾಲಿನಲ್ಲಿ ಕನ್ನಡದ ಎಷ್ಟು ಬರಹಗಾರರಿದ್ದಾರೆ ಎಂಬ ಕುತೂಹಲ. ಮನೆಯಲ್ಲಿ ಒಂದು, ಬೀದಿಯಲ್ಲಿ ಇನ್ನೊಂದು, ಬರವಣಿಗೆಯಲ್ಲಿ ಮತ್ತೊಂದು ಭಾಷೆ ಇಟ್ಟುಕೊಂಡವರೇ ಆಧುನಿಕ ಕನ್ನಡದ ಬಹುಭಾಗವನ್ನು ಕಟ್ಟಿದರು.

ಹಾಗೆಂದು ಕೋಷ್ಟಕಗಳನ್ನೇ ಬೇಡವೆನ್ನಲು ಆಗದು. ಶಾಲೆಯಲ್ಲಿ ಯಾವ ಭಾಷೆ ಕಲಿಸಬೇಕು ಎಂಬುದರಿಂದ ಹಿಡಿದು ಎಂಟನೇ ಅನುಸೂಚಿಯ ಬೇಡಿಕೆಯವರೆಗೆ ಜನ ವಾದಿಸುವುದು ಸಂಖ್ಯೆ ಮುಂದಿಟ್ಟುಕೊಂಡೇ. ಕೊಂಕಣಿ 1992ರಲ್ಲಿ ಆ ಪಟ್ಟಿ ಸೇರಿತು. 18 ಲಕ್ಷ ಮಾತುಗಾರರ ತುಳು ಇನ್ನೂ ಹೊರಗಿದೆ. ಆದರೂ ತುಳುವಿಗೆ ಕೋಷ್ಟಕದಲ್ಲಿ ತನ್ನದೇ ಸಾಲು ಇದೆ, ಆ ಸಾಲನ್ನು ತೋರಿಸಿ ಕೇಳಬಹುದು. ಹಿಂದಿಯೊಳಗೆ ಉಪಸಾಲಾಗಿ ಹೋದ ಲಂಬಾಣಿಗೆ ಅಷ್ಟೂ ಇಲ್ಲ. ಎತ್ತುಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ದೇಶ ಸುತ್ತಿದವರ ಭಾಷೆಯ ಮೇಲೆ ನಾನು ಇಲ್ಲಿ ಒತ್ತು ಕೊಡುವುದು ಅದಕ್ಕೇ. ಅವರ ಹಾಡು, ಕತೆಗಳು ನಮ್ಮ ಸಾಹಿತ್ಯ ಚರಿತ್ರೆಗಳಲ್ಲೂ ಹೆಚ್ಚೆಂದರೆ ಜಾನಪದದ ಒಂದು ಉಪಸಾಲು.

2021ರಲ್ಲಿ ನಡೆಯಬೇಕಿದ್ದ ಜನಗಣತಿ ನಡೆಯಲಿಲ್ಲ. ಮುಂದಿನದಕ್ಕೆ ದೇಶದ ಹೆಚ್ಚಿನ ಭಾಗದಲ್ಲಿ 2027ರ ಮಾರ್ಚ್ 1 ಲೆಕ್ಕದ ದಿನ. ಜಾತಿಯ ಎಣಿಕೆಯೂ ಇರುವುದರಿಂದ ಚರ್ಚೆಯೆಲ್ಲ ಅದರ ಸುತ್ತಲೇ ಇದೆ. ಭಾಷೆಯ ಕಾಲಂ ಬಗ್ಗೆಯೂ ನಾವು, ಸಾಹಿತ್ಯದ ಓದುಗರು, ಮಾತಾಡಬೇಕು. ಆ ನಮೂನೆಯಲ್ಲಿ ಮಾತೃಭಾಷೆಯ ಪಕ್ಕದಲ್ಲೇ 'ಗೊತ್ತಿರುವ ಇತರ ಭಾಷೆಗಳು' ಎಂಬ ಪ್ರಶ್ನೆಯೂ ಇರುತ್ತದೆ. 2011ರಲ್ಲಿ ಅದರಡಿ ಎರಡು ಭಾಷೆ ಬರೆಸಬಹುದಿತ್ತು. ಸುದ್ದಿಯಾಗುವುದು ಮೊದಲ ಕಾಲಂ, ಕನ್ನಡ ಸಾಹಿತ್ಯದ ಬಹಳಷ್ಟು ಭಾಗ ಹುಟ್ಟಿರುವುದು ಎರಡನೆಯದರಲ್ಲಿ.