ರಣವಾರ್ತೆಯ ಗದ್ಯ

ಯುದ್ಧಕಾಲದ ದೈನಂದಿನ ಸೇನಾವರದಿಗೂ ತನ್ನದೇ ಆದ ಶೈಲಿಯಿದೆ, ಸಿದ್ಧಪದಗಳಿವೆ. ಆದಕಾರಣ ಅದು ವಿಮರ್ಶೆಗೆ ಹೊರತಲ್ಲ. ಕೊರಿಯಾ ಯುದ್ಧದ ವಾರ್ತೆಗಳನ್ನು ಸಾಲಾಗಿಟ್ಟು ನೋಡಿದರೆ ಈ ಬರಹದ ಗುಣದೋಷಗಳೆರಡೂ ಸ್ಪಷ್ಟವಾಗುತ್ತವೆ.

ಗುಣವೆಂದರೆ ಮಿತವಚನ. ಯಾವ ಗುಡ್ಡ, ಯಾವ ದಿಕ್ಕು, ಎಷ್ಟು ಮೈಲಿ ಎಂಬಲ್ಲಿಗೆ ಮಾತು ಮುಗಿಯುತ್ತದೆ. ದೋಷವೂ ಅಲ್ಲಿಯೇ ಇದೆ. 1950ರ ಜೂನ್ 25ರಂದು ಯುದ್ಧ ಮೊದಲಾಗಿ ಒಂಬತ್ತು ತಿಂಗಳೊಳಗೆ ಸೋಲ್ ನಗರ ನಾಲ್ಕು ಸಲ ಕೈಬದಲಾಯಿತು. ಪ್ರತಿಯೊಂದು ವಾರ್ತೆಯೂ ಆ ದಿನದ ಮಟ್ಟಿಗೆ ನಿಜವೇ. ಆದರೆ ಒಂದೇ ಊರಿನ ಜನರ ಮೇಲೆ ಯುದ್ಧ ನಾಲ್ಕು ಸಲ ಹಾದುಹೋಯಿತೆಂಬ ಅರ್ಥ ಯಾವ ಒಂದು ದಿನದ ವಾರ್ತೆಗೂ ದಕ್ಕುವಂಥದಲ್ಲ. 1951ರ ಜುಲೈಯಲ್ಲಿ ಸಂಧಾನ ಆರಂಭವಾದ ಮೇಲೆ ಎರಡು ವರ್ಷ ಸಮರರೇಖೆ ಹೆಚ್ಚು ಸರಿಯಲಿಲ್ಲ. ವರದಿ ಮಾತ್ರ ದಿನವೂ ಹೊರಡಬೇಕಾಗಿತ್ತು.

ಬಾತ್ಮೀದಾರರನ್ನು ಹಳಿಯುವುದು ನ್ಯಾಯವಲ್ಲ. 1950ರ ಆಗಸ್ಟ್ 12ರಂದು ನೆಲಬಾಂಬು ಸಿಡಿದು ಇಬ್ಬರು ಬ್ರಿಟಿಷ್ ವರದಿಗಾರರೂ, ವಿಶ್ವಸಂಸ್ಥೆಯ ಕೊರಿಯಾ ಆಯೋಗದಲ್ಲಿದ್ದ ನಮ್ಮ ಕರ್ನಲ್ ಉಣ್ಣಿ ನಾಯರ್ ಅವರೂ ಮಡಿದರು. ಆ ವರ್ಷದ ಡಿಸೆಂಬರಿನಲ್ಲಿ ಸೇನೆಯ ಸೆನ್ಸಾರ್ ಬಂದು ವರದಿಯ ಬಾಯಿ ಇನ್ನಷ್ಟು ಕಟ್ಟಿತು.

ಹಾಸನದಿಂದ ಬೇಲೂರಿಗೆ ಹೋಗುವ ದಾರಿಯ ಹಗರೆ, ಅದರಾಚೆಯ ಹಳೇಬೀಡು, ಈ ಸೀಮೆಯ ಓದುಗರಿಗೆ ಇನ್ನೊಂದು ರಣವಾರ್ತೆಯ ಪರಿಚಯವುಂಟು: ವೀರಗಲ್ಲು. ಕೆಳಗೆ ಕಾಳಗ, ನಡುವೆ ವೀರನನ್ನೊಯ್ಯುವ ಅಪ್ಸರೆಯರು, ಮೇಲೆ ದೇವಸನ್ನಿಧಿ. ಕಲ್ಲಿನಲ್ಲಿ ಬರಹವಿದ್ದರೆ ಸತ್ತವನ ಹೆಸರು ಉಳಿಯುತ್ತದೆ. ಆದರೆ ಅದೂ ನಿಷ್ಪಕ್ಷಪಾತಿಯಲ್ಲ. ಎದುರಾಳಿಗೆ ಅಲ್ಲಿ ಹೆಸರಿಲ್ಲ, ಮನೆಯವರ ಅಳುವಿಗೆ ಅಂಕಣವಿಲ್ಲ. ಕಲ್ಲು ಒಬ್ಬನನ್ನು ಕಂಡು ಯುದ್ಧವನ್ನು ಬಿಟ್ಟಿತು. ವಾರ್ತೆ ಯುದ್ಧವನ್ನು ಕಂಡು ಒಬ್ಬೊಬ್ಬನನ್ನೂ ಬಿಟ್ಟಿತು.

ಈ ಎರಡರ ನಡುವಿನ ತೆರಪನ್ನು ತುಂಬುವ ಪುಸ್ತಕ ಮಡಿಕೇರಿಯ ಜನರಲ್ ಕೆ. ಎಸ್. ತಿಮ್ಮಯ್ಯನವರದು. ಸಂಧಾನ ಬಹುಕಾಲ ತೊಡಕಿಗೆ ಬಿದ್ದದ್ದು ಯುದ್ಧಕೈದಿಗಳ ಪ್ರಶ್ನೆಯಿಂದ. 1953ರ ಜುಲೈ 27ರಂದು ಕದನ ನಿಂತ ಮೇಲೆ, ತಾಯ್ನಾಡಿಗೆ ಮರಳಲೊಲ್ಲದ ಇಪ್ಪತ್ತೆರಡು ಸಾವಿರಕ್ಕೂ ಮಿಕ್ಕ ಕೈದಿಗಳ ಹೊಣೆ ತಟಸ್ಥರಾಷ್ಟ್ರಗಳ ಆಯೋಗದ ಮೇಲೆ ಬಿದ್ದಿತು. ತಿಮ್ಮಯ್ಯನವರೇ ಅದರ ಅಧ್ಯಕ್ಷರು. ದಿನದ ವಾರ್ತೆಯಲ್ಲಿ ಅಂಕಿಯಾಗಿದ್ದವನು ಇಲ್ಲಿ ಎಲ್ಲಿಗೆ ಹೋಗಲೆಂದು ತಾನೇ ಹೇಳಬೇಕಾದ ಮನುಷ್ಯನಾದನು. ‘ಎಕ್ಸ್‌ಪೆರಿಮೆಂಟ್ ಇನ್ ನ್ಯೂಟ್ರಾಲಿಟಿ’ ಎಂಬ ಆ ಅನುಭವಕಥನ ಅಚ್ಚಾದುದು 1981ರಲ್ಲಿ, ಲೇಖಕರು ತೀರಿಕೊಂಡು ಹದಿನೈದು ವರ್ಷಗಳ ಮೇಲೆ.

ಸತ್ಯಕ್ಕೆ ಅಷ್ಟು ಕಾಲ ಬೇಕಾಗುವುದಾದರೆ ಬೆಳಗಿನ ಪತ್ರಿಕೆ ಓದುವವನ ಗತಿಯೇನು? ವಾರ್ತೆಯನ್ನು ಬಿಡಬೇಕಿಲ್ಲ. ಹೇಳಿದವರು ಯಾರು, ಎಣಿಸಿದವರು ಯಾರು, ಎಣಿಕೆಗೆ ಬಾರದವರು ಯಾರು—ಈ ಮೂರು ಪ್ರಶ್ನೆಗಳನ್ನು ಕೈಯಲ್ಲಿಟ್ಟುಕೊಂಡು ಓದಿದರೆ ಸಾಕು.