ಚೀಟಿ ಬಿಡಿ, ಠಸ್ಸೆ ನೋಡಿ

ನನ್ನ ಸಂಗ್ರಹ ನೋಡಲು ಬಂದವರು ಕೇಳುವುದು ಒಂದೇ ಮಾತು: ‘ಇದಕ್ಕೆಷ್ಟು ಬರ್ತದೆ?’ ಚಿಟ್ಟೆ, ಹುಲಿ, ಸಿನಿಮಾ ನಟರ ಅಂಚೆಚೀಟಿ ಅಂಟಿಸಿಟ್ಟು ಸಂಗ್ರಾಹಕರಾದವರಿಗೆ ಈ ಬರಹ ಹಿಡಿಸಲಿಕ್ಕಿಲ್ಲ. ಆದರೂ ಹೇಳುತ್ತೇನೆ: ಲಕೋಟೆಯಿಂದ ಚೀಟಿ ಬಿಡಿಸಬೇಡಿ.

ನಾನೂ ಬಿಡಿಸಿದವನೇ. ಹಳಿಯಾಳದಲ್ಲಿ ಹುಡುಗನಾಗಿದ್ದಾಗ ಅಟ್ಟದ ಟ್ರಂಕಿನ ಲಕೋಟೆಗಳನ್ನೆಲ್ಲ ಬೋಗುಣಿ ನೀರಿಗೆ ಹಾಕಿದೆ. ಚೀಟಿ ತೇಲಿದವು, ಒದ್ದೆ ಲಕೋಟೆಗಳು ಬಚ್ಚಲೊಲೆ ಸೇರಿದವು. ಒಂದು ಚೀಟಿಯ ಮೂಲೆಯಲ್ಲಿ ಅಂಚೆ ಕಚೇರಿಯ ಅರ್ಧ ಠಸ್ಸೆ. ‘ಸೂಪಾ’ದ ‘ಪಾ’ ಮಾತ್ರ ಉಳಿದಿತ್ತು. ಮುಂದೆ ಕಾಳಿ ನದಿಗೆ ಅಣೆಕಟ್ಟು ಬಂದು ಸೂಪಾ ಊರೇ ಮುಳುಗಿತು. ಆ ಚೀಟಿ ಇವತ್ತಿಗೂ ಚಿಲ್ಲರೆ ಕಾಸಿಗೆ ಸಿಗುತ್ತದೆ. ಆ ಠಸ್ಸೆಯ ಇಡೀ ಲಕೋಟೆ ಮಾತ್ರ ನನಗಿನ್ನೂ ಸಿಕ್ಕಿಲ್ಲ.

ರುಚಿ ಹತ್ತಬೇಕಾದರೆ ಸೈನಿಕರ ಕಾಗದ ಹಿಡಿಯಿರಿ. ಎರಡನೇ ಮಹಾಯುದ್ಧದಲ್ಲಿ ಮರಾಠಾ ಪಲ್ಟನ್ನುಗಳು 1941ರಲ್ಲಿ ಎರಿಟ್ರಿಯಾದ ಕೆರೆನ್‌ನಲ್ಲಿ ಕಾದಿದವು, ಆಮೇಲೆ ಇಟಲಿಯಲ್ಲೂ. ಅಲ್ಲಿಂದ ಬಂದ ಎಷ್ಟೋ ಲಕೋಟೆಗಳಲ್ಲಿ ಚೀಟಿಯೇ ಇಲ್ಲ. ಸೈನಿಕನಿಗೆ ಸಾದಾ ಟಪಾಲು ಪುಕ್ಕಟೆ. ಊರ ಹೆಸರೂ ಇಲ್ಲ, ವೈರಿಗೆ ತಿಳಿಯಬಾರದಲ್ಲ! ಫೀಲ್ಡ್ ಪೋಸ್ಟ್ ಆಫೀಸಿನ ನಂಬರು, ತಾರೀಖು, ಸೆನ್ಸಾರಿನ ಠಸ್ಸೆ, ಅಷ್ಟೆ. ಆ ನಂಬರು ದಂಡಿನ ಬೆನ್ನಿಗೆ ಊರೂರು ಅಲೆಯುತ್ತದೆ. ಹಾಗಾಗಿ ನಂಬರೊಂದನ್ನೇ ನೋಡಿದರೆ ಏನೂ ತಿಳಿಯದು, ತಾರೀಖು ಜೋಡಿಸಿದಾಗಲೇ ಜಾಗ ಹೊಳೆಯುತ್ತದೆ. ತಾರೀಖು ಮಸುಕಾಗಿದ್ದರೆ ಓರೆ ಬಿಸಿಲಿಗೆ ಹಿಡಿಯಿರಿ, ಭೂತಗನ್ನಡಿ ಆಮೇಲೆ. ಲಕೋಟೆ ಮಗುಚಿ ನೋಡಿ: ತಲುಪಿದ ಊರಿನ ಠಸ್ಸೆ ಅಲ್ಲಿದ್ದರೆ ನಡುವಿನ ದಿನ ಎಣಿಸಿ. ಒಮ್ಮೆ ಪ್ರದರ್ಶನದಲ್ಲಿ ಹಿಂಬದಿ ಕಾಣಲೆಂದು ಲಕೋಟೆಯ ಕೆಳಗೆ ಕನ್ನಡಿ ಇಟ್ಟಿದ್ದೆ. ಬಂದವರು ಅದರಲ್ಲಿ ಕ್ರಾಪು ತೀಡಿಕೊಂಡು ಹೋದರು.

ತಾರೀಖಿನ ಬೆಲೆ ನಮ್ಮ ಗಡಿಯಲ್ಲೂ ಗೊತ್ತಾಗುತ್ತದೆ. ಜೋಯಿಡಾ ತಾಲೂಕಿನ ಕ್ಯಾಸಲ್ ರಾಕ್ ಆಗ ಪೋರ್ತುಗೀಸ್ ಗೋವೆಯ ಗಡಿ ಸ್ಟೇಷನ್ನಾಗಿತ್ತು. 1961ರ ಡಿಸೆಂಬರಿನಲ್ಲಿ ನಮ್ಮ ಸೈನ್ಯದ 63ನೇ ಬ್ರಿಗೇಡ್ ಗೋವೆ ಬಿಡಿಸಲು ಇಳಿದದ್ದು ಅದೇ ತಾಲೂಕಿನ ಅನಮೋಡದಿಂದ. ಡಿಸೆಂಬರ್ 29ರಿಂದ ಗೋವೆಯಲ್ಲಿ ಭಾರತದ ಚೀಟಿ. ಪೋರ್ತುಗೀಸರದ್ದೂ ಜನವರಿ 5ರವರೆಗೆ ನಡೆಯಿತು. ಎರಡೂ ಸಲ್ಲುತ್ತಿದ್ದ ಆ ಎಂಟು ದಿನ ಗೊತ್ತಾಗುವುದು ಠಸ್ಸೆಯ ತಾರೀಖಿನಿಂದಲೇ.

ಮುಂಡಗೋಡದಲ್ಲಿ ಟಿಬೆಟಿಯನ್ ಕಾಲೊನಿಗೆ ಬೇರೆಯೇ ಪಿನ್‌ಕೋಡ್, 581411; ಠಸ್ಸೆಯಲ್ಲಿ ಅದನ್ನೂ ಗಮನಿಸಿ. ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆಯೇ ಇದ್ದರೂ ನನ್ನ ಕೈಗೆ ಹೇಳಿಕೊಳ್ಳುವಂಥ ಲಕೋಟೆ ಒಂದೂ ಬಿದ್ದಿಲ್ಲ.

ನಮ್ಮ ಮಳೆಗಾಲಕ್ಕೆ ಬೂಷ್ಟು ಹಿಡಿಯದಂತೆ ಒಣಜಾಗದಲ್ಲಿಡಿ, ಸೆಲೋಟೇಪು ಮುಟ್ಟಿಸಬೇಡಿ. ಅಟ್ಟದಲ್ಲಿ ಸೂಪಾದ ಲಕೋಟೆ ಸಿಕ್ಕಿದರೆ ಬೋಗುಣಿ ಕೆಳಗಿಟ್ಟು ನನಗೆ ಹೇಳಿಕಳಿಸಿ.