ದಸರೆಯ ದೀಪ, ಜೂನ್ ತಿಂಗಳ ಆಕಾಶ

ಮೈಸೂರು ಅರಮನೆಯ ದೀಪಾಲಂಕಾರದ ಫೋಟೊ ಎಂದರೆ ಕಣ್ಣಿಗೆ ಕಟ್ಟುವುದು ಒಂದೇ ಚಿತ್ರ. ಮೇಲೆ ಕಗ್ಗತ್ತಲು, ಕೆಳಗೆ ಧಗಧಗ ಹಳದಿ. ತೆಗೆದವರು ಅದನ್ನು ಶಾರ್ಪ್ ಎನ್ನುತ್ತಾರೆ. ನನಗೆ ಒಪ್ಪಿಗೆಯಿಲ್ಲ.

ಹೆನ್ರಿ ಇರ್ವಿನ್ ವಿನ್ಯಾಸ ಮಾಡಿದ, 1912ರಲ್ಲಿ ಮುಗಿದ ಈ ಕಟ್ಟಡದ ಮೈಮೇಲೆ ಲಕ್ಷದ ಹತ್ತಿರ ಬಲ್ಬುಗಳಿವೆ. ಕಮಾನು, ಗುಮ್ಮಟಗಳ ಅಂಚನ್ನು ಅವು ಚುಕ್ಕಿ ರಂಗೋಲಿಯ ಹಾಗೆ ಬಿಡಿಸುತ್ತವೆ. ಚಿತ್ರವನ್ನು ದೊಡ್ಡದು ಮಾಡಿ ನೋಡಿ: ಒಂದು ಬಲ್ಬಿಗೂ ಪಕ್ಕದ್ದಕ್ಕೂ ನಡುವೆ ಕತ್ತಲು ಉಳಿದಿದೆಯೇ? ಬಹುಪಾಲು ಚಿತ್ರಗಳಲ್ಲಿ ಅಲ್ಲಿರುವುದು ಬರೀ ಬಿಳಿ ಪಟ್ಟಿ.

ಬೈಗುಳ ಮಾತ್ರ ಲೆನ್ಸಿಗೆ, ಇಲ್ಲವೇ ಕೈನಡುಕಕ್ಕೆ. ಟ್ರೈಪಾಡ್, ಐಎಸ್‌ಒ 100, ಎಫ್/8, ಎರಡು ಸೆಕೆಂಡಿನ ಟೈಮರ್ ಎಲ್ಲ ಸರಿಯಿದ್ದೂ ಬಿಳಿ ಪಟ್ಟಿ ಬರುತ್ತದೆ. ಕ್ಯಾಮೆರಾದ ಮೀಟರ್ ಕಪ್ಪು ಆಕಾಶವನ್ನು ಕಂಡು ಬೆಳಕು ಸಾಲದೆಂದು ಎಕ್ಸ್‌ಪೋಷರ್ ಹೆಚ್ಚಿಸುತ್ತದೆ, ಬಲ್ಬುಗಳು ಸುಟ್ಟುಹೋಗುತ್ತವೆ. ಕಡಿಮೆ ಮಾಡಿದರೆ ಚುಕ್ಕಿಗಳೇನೋ ಬಿಡಿಬಿಡಿಯಾಗಿ ಮೂಡುತ್ತವೆ, ಆದರೆ ಕಲ್ಲಿನ ಗೋಡೆ ಮುಳುಗುತ್ತದೆ.

ಎರಡೂ ಉಳಿಯಬೇಕಾದರೆ ಆಕಾಶದಲ್ಲಿ ಒಂದಿಷ್ಟು ಬೆಳಕಿರಬೇಕು. ಭಾನುವಾರಗಳಂದೂ ಹಬ್ಬದ ದಿನಗಳಲ್ಲೂ ದೀಪ ಹತ್ತುವುದು ಸಂಜೆ ಏಳರ ಸುಮಾರಿಗೆ. ಜೂನ್‌ನಲ್ಲಿ ಮೈಸೂರಿನ ಸೂರ್ಯ ಮುಳುಗುವಾಗ ಆರೂಮುಕ್ಕಾಲು ದಾಟಿರುತ್ತದೆ. ಮೋಡ ಅಡ್ಡ ಬರದಿದ್ದರೆ ಆ ಭಾನುವಾರಗಳಲ್ಲಿ ದೀಪದ ಹಿಂದೆ ಗಾಢ ನೀಲಿ ಇನ್ನೂ ಇರುತ್ತದೆ. ಅಕ್ಟೋಬರ್‌ನಲ್ಲಿ ಆರು ಕಳೆದು ಸ್ವಲ್ಪ ಹೊತ್ತಿಗೇ ಸೂರ್ಯಾಸ್ತ, ಏಳಕ್ಕೆ ಎಲ್ಲ ಕಪ್ಪು. ಅಂದರೆ ನಾಡಿಗೆ ನಾಡೇ ಕ್ಯಾಮೆರಾ ಹಿಡಿದು ಬರುವ ದಸರೆ ಈ ಕೆಲಸಕ್ಕೆ ಒಗ್ಗದ ಕಾಲ. ಹಬ್ಬದ ಸಂಭ್ರಮ ತೆಗೆಯಿರಿ, ಬೇಡವೆನ್ನುವುದಿಲ್ಲ. ಕಟ್ಟಡ ಬೇಕಿದ್ದರೆ ಜೂನ್‌ಗೆ ಬನ್ನಿ.

ಪ್ರತಿ ಬಲ್ಬಿಗೂ ನಕ್ಷತ್ರದ ಕಿರಣ ಮೂಡಿಸಲು ಎಫ್/22ಕ್ಕೆ ಹೋಗುವವರಿದ್ದಾರೆ. ಅಷ್ಟು ಕಿರಿದಾದ ಕಿಂಡಿಯಲ್ಲಿ ಬೆಳಕು ಬಾಗಿ ಹರಡುತ್ತದೆ. ಕಿರಣಗಳೇನೋ ಬರುತ್ತವೆ, ಕೆತ್ತನೆಯ ಮೊನೆ ಹೋಗುತ್ತದೆ. ನನ್ನ ಮಟ್ಟಿಗೆ ಅದು ನಷ್ಟದ ವ್ಯಾಪಾರ.

ಮೊಬೈಲಿನ ನೈಟ್ ಮೋಡನ್ನು ಹಗುರವಾಗಿ ಕಾಣುವ ಹಿರಿಯ ಛಾಯಾಗ್ರಾಹಕರಿಗೆ ಒಂದು ಮಾತು. ಹಲವು ಚಿತ್ರಗಳನ್ನು ಬೆಸೆಯುವ ಆ ತಂತ್ರ ಅಜಾಗರೂಕತೆಯಿಂದ ಒತ್ತಿದ ಡಿಎಸ್‌ಎಲ್‌ಆರ್‌ಗಿಂತ ಚೆನ್ನಾಗಿ ಬಲ್ಬುಗಳನ್ನು ಕಾಪಾಡುತ್ತದೆ. ಅದು ಸೋಲುವುದು ಗೋಡೆಯಲ್ಲಿ: ಗ್ರೇನ್ ಒರೆಸುವ ಭರದಲ್ಲಿ ಕಲ್ಲನ್ನು ಮೇಣ ಮಾಡಿಬಿಡುತ್ತದೆ, ಆಮೇಲೆ ಶಾರ್ಪ್‌ನೆಸ್ ಎಷ್ಟು ಏರಿಸಿದರೂ ಮೇಣದ ಅಂಚಷ್ಟೇ ಚೂಪಾಗುತ್ತದೆ.